ಎಂಟನೆಯ ಫೇಡರ್

ಮೇಜಿನ ಮೇಲಿನ ಪೆಟ್ಟಿಗೆಯಲ್ಲಿದ್ದ ಎಂಟು ಗುಂಡಿಗಳು ಯಾರೂ ಮುಟ್ಟದೆ ಒಟ್ಟಿಗೇ ಟಕ್ಕನೆ ಮೇಲೆದ್ದು ನಿಂತವು.

"ಅಯ್ಯೋ ಶಿವನೇ!" ಎಂದು ಪ್ರೇಮಲೀಲಾ ಎರಡು ಹೆಜ್ಜೆ ಹಿಂದಕ್ಕೆ ಸರಿದಳು. ತಟ್ಟೆಯಲ್ಲಿದ್ದ ನಾಲ್ಕು ಲೋಟ ಕಾಫಿಯಲ್ಲಿ ಒಂದು ಉರುಳಿ ಸೀರೆಯ ನೆರಿಗೆಯನ್ನೆಲ್ಲ ತೋಯಿಸಿತು.

"ಹೆದರ್ಕೋಬೇಡಿ ಆಂಟಿ," ಎಂದು ಪ್ರಿನ್ಸ್ ನಕ್ಕ. "ದೆವ್ವ ಗಿವ್ವ ಏನಿಲ್ಲ. ಕೆಳಗಡೆ ಒಂದೊಂದಕ್ಕೂ ಒಂದೊಂದು ಮೋಟಾರ್ ಇದೆ, ಅಷ್ಟೇ."

"ಮೊದ್ಲೇ ಹೇಳ್ಬುಟ್ಟು ಮಾಡೋದಲ್ವೇನಪ್ಪ? ನನ್ನೆದೆ ಹಾರೋಯ್ತು."

ಪ್ರಿನ್ಸ್ ಹೊರಗಿನವನೇನಲ್ಲ. ಅವನ ತಂದೆ ಸವರಿಮುತ್ತು ಈ ಮನೆಯ ಸ್ಟುಡಿಯೊದ ಹಳೆಯ ಸ್ಪೂಲ್ ಟೇಪ್ ಯಂತ್ರವನ್ನು ಹದಿನೈದು ವರ್ಷ ರಿಪೇರಿ ಮಾಡಿಕೊಟ್ಟಿದ್ದವರು. ಮಗ ಭಾನುವಾರ ಚರ್ಚಿನಲ್ಲಿ ಕೀಬೋರ್ಡ್ ನುಡಿಸುತ್ತ, ಉಳಿದ ಆರು ದಿನ ಬೆಂಗಳೂರಿನ ಅಂಗಡಿಯೊಂದರ ಪರವಾಗಿ ಮೈಸೂರಿನ ಸ್ಟುಡಿಯೊಗಳಿಗೆ ಸಾಮಾನು ತಂದು ತೋರಿಸುತ್ತಿದ್ದ. ಆ ಸೋಮವಾರ ಎರಡು ಪೆಟ್ಟಿಗೆ ತಂದಿದ್ದ. ಎರಡೂ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು ಹಾಡಿನ ಸದ್ದನ್ನು ಹದ ಮಾಡುವಂಥವೇ. ಮೇಲಕ್ಕೆ ಜಾರಿಸಿದರೆ ಸದ್ದು ಏರಿಸುವ, ಕೆಳಕ್ಕೆಳೆದರೆ ಇಳಿಸುವ ಗುಂಡಿಗಳು ಎರಡರಲ್ಲೂ ಇದ್ದವು. ಸ್ಟುಡಿಯೊದವರ ಬಾಯಲ್ಲಿ ಅವಕ್ಕೆ ಫೇಡರ್ ಎಂದು ಹೆಸರು. ಬೂದು ಬಣ್ಣದ ಚಿಕ್ಕ ಪೆಟ್ಟಿಗೆಯಲ್ಲಿ ಫೇಡರುಗಳು ನಾವು ಎಲ್ಲಿ ಬಿಟ್ಟರೆ ಅಲ್ಲೇ ಇರುತ್ತಿದ್ದವು. ಕಪ್ಪು ಪೆಟ್ಟಿಗೆಯಲ್ಲಿ ಮಾತ್ರ ಅವು ತಾವಾಗಿ ಓಡಾಡುತ್ತಿದ್ದವು.

"ಎರಡೂ ಶನಿವಾರದವರೆಗೂ ಇಲ್ಲೇ ಇರ್ಲಿ ಸಾರ್," ಎಂದ ಪ್ರಿನ್ಸ್. "ಕೆಲಸ ಮಾಡಿ ನೋಡಿ. ಬೇಡದ್ದನ್ನ ನಾನು ಬಂದು ತಗೊಂಡು ಹೋಗ್ತೀನಿ."

ಪ್ರೇಮಲೀಲಾಳ ಗಂಡ ವೃಷಭೇಂದ್ರಪ್ಪನವರು ಬೆಳಗ್ಗೆಯಿಂದ ಹಬ್ಬದ ಬಟ್ಟೆಗೆ ಕಾಯುವ ಮಕ್ಕಳಂತೆ ಗೇಟಿಗೂ ಬಾಗಿಲಿಗೂ ಓಡಾಡಿದ್ದವರು. ಮೂರು ವರ್ಷದ ಹಿಂದೆ ಸದ್ದು ಬೆರೆಸುವ ಹಳೆಯ ಮಿಕ್ಸರ್ ಕೆಟ್ಟು ಕಂಪ್ಯೂಟರ್ ಬಂದಾಗಿನಿಂದ ಅವರದು ಒಂದೇ ಗೊಣಗಾಟ. "ದೇವ್ರು ಹತ್ತು ಬೆರಳು ಕೊಟ್ಟವ್ನೆ. ಇವ್ರು ಒಂದು ಇಲಿ ಕೊಟ್ಟು ಇದ್ರಲ್ಲೇ ಎಲ್ಲಾ ಮಾಡು ಅಂತಾರೆ." ಇವತ್ತು ಹತ್ತು ಬೆರಳಿಗೂ ಕೆಲಸ ಬಂದಿತ್ತು. ಆದರೆ ಅವರು ಕಪ್ಪು ಪೆಟ್ಟಿಗೆಯನ್ನು ಮುಟ್ಟದೆ ಸುಮ್ಮನೆ ನೋಡುತ್ತ ನಿಂತಿದ್ದರು.

"ಹಳೇ ಹಾಡು ತೆಗೆದ್ರೂ ಇದು ಹಿಂಗೇ ಮಾಡುತ್ತಾ?" ಎಂದು ಕೇಳಿದರು.

"ಅದೇ ಸಾರ್ ಇದರ ತಾಕತ್ತು. ಮೂರು ವರ್ಷದ ಹಿಂದಿನ ಹಾಡು ತೆಗೀರಿ, ಅವತ್ತು ನೀವು ಯಾವುದನ್ನ ಎಷ್ಟಕ್ಕೆ ಇಟ್ಟಿದ್ರೋ ಅಲ್ಲಿಗೇ ಬಂದು ನಿಂತ್ಕೊಳ್ಳುತ್ತೆ. ಹಾಡಿನ ಮಧ್ಯೆ ಏರ್ಸಿ ಇಳ್ಸಿದ್ರೆ ಅದನ್ನೂ ಹಂಗೇ ಮಾಡಿ ತೋರ್ಸುತ್ತೆ. ನೀವು ಮರೆತ್ರೂ ಇದು ಮರೆಯಲ್ಲ."

ವೃಷಭೇಂದ್ರಪ್ಪನವರ ಕಣ್ಣು ಒಂದು ಗಳಿಗೆ ಪ್ರೇಮಲೀಲಾಳ ಕಡೆ ಹರಿದು, ಥಟ್ಟನೆ ಕಿಟಕಿಯ ಕಡೆ ತಿರುಗಿತು. "ಹಂಗಾದ್ರೆ ಬೇಡ. ಬೂದು ಬಣ್ಣದ್ದೇ ಸಾಕು."

"ಅಪ್ಪಾ!" ಎಂದಳು ಶಿಲ್ಪಶ್ರೀ. ಚೆನ್ನೈನಲ್ಲಿ ಎರಡು ವರ್ಷ ಸೌಂಡ್ ರೆಕಾರ್ಡಿಂಗ್ ಓದಿ, ತಿಂಗಳ ಹಿಂದಷ್ಟೇ ಮನೆಗೆ ಬಂದಿದ್ದ ಮಗಳು. ಹತ್ತು ಕಡೆ ಫೋನ್ ಮಾಡಿ ಈ ಪೆಟ್ಟಿಗೆಗಳನ್ನು ತರಿಸಿದವಳು ಅವಳೇ. "ಇನ್ನೂ ಮುಟ್ಟೇ ನೋಡಿಲ್ಲ!"

"ತಾನಾಗೇ ಕುಣಿಯೋ ವಸ್ತು ನಂಗೆ ಸರಿಹೋಗಲ್ಲ ಕಣಮ್ಮ. ನನ್ನ ಕೈ ಹೇಳಿದಂಗೆ ಅದು ಕೇಳ್ಬೇಕು."

"ಕೇಳೋದಕ್ಕೇ ಅಲ್ವಾ ಮೋಟಾರ್ ಇರೋದು?"

"ನನ್ನ ಕಿವಿ ಇರೋವರೆಗೂ ಮಿಕ್ಸಿಂಗ್ ನಂದೇ. ಯಾವುದು ಬೇಕು ಅಂತ ಹೇಳೋನೂ ನಾನೇ."

ಅವರು ಕಾಫಿ ಕೂಡ ಕುಡಿಯದೆ ಹಿತ್ತಲಿಗೆ ಹೋದರು. ಪ್ರೇಮಲೀಲಾಳಿಗೆ ಆಶ್ಚರ್ಯವಾಯಿತು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವರು ಸುಳ್ಳು ಹೇಳಿದ್ದನ್ನು ಅವಳು ಕಂಡಿರಲಿಲ್ಲ. ಈಗ ಹೇಳಿದ್ದು ಸುಳ್ಳು ಎಂದು ಅವಳಿಗೆ ಖಂಡಿತ ಗೊತ್ತಾಗಿತ್ತು. ಯಾಕೆ ಎಂಬುದು ಮಾತ್ರ ತಿಳಿಯಲಿಲ್ಲ.

ಅಭ್ಯಾಸದಂತೆ ಅವಳು ದೇವರ ಮನೆಯಿಂದ ವಿಭೂತಿ ತಂದು, ಹೊಸದಾಗಿ ಬಂದ ಪೆಟ್ಟಿಗೆಗಳಿಗೆ ಮೂರು ಬೆರಳಲ್ಲಿ ಎಳೆಯಲು ಹೋದಳು. ಪ್ರಿನ್ಸ್ ಅಡ್ಡಬಂದ. "ಆಂಟಿ, ದಮ್ಮಯ್ಯ. ಪುಡಿ ಸಂದೀಲಿ ಇಳಿದ್ರೆ ಮೋಟಾರ್ ಕೂತ್ಬುಡುತ್ತೆ. ಬೇಕಾದ್ರೆ ಮೇಜಿಗೆ ಹಚ್ಚಿ."

ಅವಳು ಮೇಜಿಗೇ ಹಚ್ಚಿದಳು.

*

ಲಕ್ಷ್ಮೀಪುರಂನ ಆ ಮನೆಯ ಮುಂದಿನ ಕೋಣೆಯೇ ಸ್ಟುಡಿಯೊ. ಗೋಡೆಗೆ ತೆಂಗಿನ ನಾರಿನ ಹಾಸಿಗೆ ಹೊಡೆದು ಅದರ ಮೇಲೆ ಗೋಣಿ ಬಟ್ಟೆ ಹೊದಿಸಿತ್ತು. ನಡುವೆ ಗಾಜಿನ ಕಿಟಕಿಯ ಗೋಡೆ. ಹಾಡುವವರು ಆ ಕಡೆ, ವೃಷಭೇಂದ್ರಪ್ಪನವರು ಈ ಕಡೆ. ಮಠಗಳ ವಚನ ಗಾಯನ, ಶಾಲಾ ವಾರ್ಷಿಕೋತ್ಸವದ ಹಾಡು, ಒಂದೆರಡು ಸಲ ಚರ್ಚಿನ ಕ್ರಿಸ್ಮಸ್ ಗೀತೆ ಎಲ್ಲವೂ ಅಲ್ಲೇ ಧ್ವನಿಮುದ್ರಣವಾಗಿ ಮೊದಲು ಕ್ಯಾಸೆಟ್ಟಾಗಿ, ಆಮೇಲೆ ಸಿಡಿಯಾಗಿ ಹೊರಗೆ ಹೋಗುತ್ತಿದ್ದವು. ಮೊದಲ ಕ್ಯಾಸೆಟ್ಟಿನ ದಿನ ತಾಳ ಹಾಕುವವನು ಬರದೆ ಕೈಕೊಟ್ಟಾಗ, ಮದುವೆಯಾಗಿ ವರ್ಷ ತುಂಬದ ಪ್ರೇಮಲೀಲಾಳ ಕೈಗೆ ಅವರು ಹಿತ್ತಾಳೆಯ ತಾಳ ಕೊಟ್ಟು, "ಸುಮ್ನೆ ನನ್ನ ಬೆರಳು ನೋಡ್ಕೊಂಡು ಬಾರ್ಸು," ಎಂದಿದ್ದರು. ಅಂದಿನಿಂದ ಆ ಮನೆಯಿಂದ ಹೊರಟ ಹಾಡಿಗೆಲ್ಲ ಅವಳದೇ ತಾಳ.

ಸ್ಟುಡಿಯೊ ಬಾಗಿಲ ಮೇಲೆ ಒಂದು ಕೆಂಪು ಬಲ್ಬ್ ಇತ್ತು. ಅದು ಹೊತ್ತಿದ್ದಾಗ ಅಡುಗೆಮನೆಯಲ್ಲಿ ಕುಕ್ಕರ್ ಕೂಗಬಾರದು. ಅದು ಮನೆಯ ಕಟ್ಟಳೆ. ಹಾರ್ಮೋನಿಯಂ, ತಬಲ ಎಲ್ಲವನ್ನೂ ತಡೆದ ಗೋಣಿ ಬಟ್ಟೆ ಕುಕ್ಕರಿನ ಕೂಗನ್ನು ಮಾತ್ರ ತಡೆಯುತ್ತಿರಲಿಲ್ಲ. ಒಮ್ಮೆ ಮರೆತು ಕೂಗಿಸಿದಾಗ ಅವರು ಹೊರಗೆ ಬಂದು ಬೀದಿಗೆ ಕೇಳುವ ಹಾಗೆ ಬೈದಿದ್ದರು. "ಬ್ಯಾಳೆ ಬೇಯೋದು ಮುಖ್ಯಾನೋ ಹಾಡು ಮುಖ್ಯಾನೋ?" ಪ್ರೇಮಲೀಲಾ ಅಂದು ಅತ್ತಿದ್ದಳು. ಆಮೇಲಿನ ಎಷ್ಟೋ ವರ್ಷ ಅವಳು ಕೆಂಪು ಬಲ್ಬ್ ನೋಡಿಯೇ ಒಲೆ ಹಚ್ಚಿದ್ದಳು.

ಹೋದ ಕಾರ್ತಿಕದಲ್ಲಿ ಮತ್ತೆ ಅಂಥದೇ ತಪ್ಪಾಯಿತು. ಮಠದ ಗಾಯಕರು ಗುರುಸಿದ್ದಯ್ಯನವರು ಒಳಗೆ ಹಾಡುತ್ತಿದ್ದರು. ವಾದ್ಯಗಳನ್ನೂ ತಾಳವನ್ನೂ ಹಿಂದಿನ ದಿನವೇ ಬೇರೆಯಾಗಿ ತೆಗೆದಾಗಿತ್ತು, ಅಂದು ಬರೀ ಕಂಠ. ಪ್ರೇಮಲೀಲಾ ಯಾವುದೋ ಯೋಚನೆಯಲ್ಲಿ ಕುಕ್ಕರ್ ಇಟ್ಟು ಬಟ್ಟೆ ಒಣಹಾಕಲು ಹೋಗಿದ್ದಳು. ಓಡಿ ಬರುವಷ್ಟರಲ್ಲಿ ಮೂರು ಕೂಗು ಆಗಿಹೋಗಿತ್ತು. ಅವಳು ಬೈಗುಳಕ್ಕೆ ಕಾಯುತ್ತ ಬಾಗಿಲ ಮುಂದೆ ನಿಂತಳು. ಕುಕ್ಕರ್ ಕೂಗಿದರೂ ಅವರು ಕೂಗಲಿಲ್ಲ. ಹಾಡು ಮುಗಿದ ಮೇಲೆ ಹೊರಗೆ ಬಂದು, "ಚೆನ್ನಾಗಿ ಬಂತು ಕಣೇ, ಊಟಕ್ಕೆ ಹಾಕು," ಎಂದರು ಅಷ್ಟೇ. ವಯಸ್ಸು ಮನುಷ್ಯನನ್ನು ಎಷ್ಟು ಮೆತ್ತಗೆ ಮಾಡುತ್ತದೆ ಎಂದು ಅವಳಿಗೆ ಅಂದು ಕಣ್ಣು ತುಂಬಿತ್ತು. ಅಕ್ಕನಿಗೆ ಫೋನ್ ಮಾಡಿ ಹೇಳಿಕೊಂಡಿದ್ದಳು ಕೂಡ.

*

ಬುಧವಾರ ವೃಷಭೇಂದ್ರಪ್ಪನವರು ನರಸೀಪುರದ ಕಡೆಯ ಮಠವೊಂದಕ್ಕೆ ಪ್ರವಚನ ಧ್ವನಿಮುದ್ರಣಕ್ಕೆ ಹೋಗಿದ್ದರು. ಶಿಲ್ಪಶ್ರೀ ಅಡುಗೆಮನೆಗೆ ಬಂದು ತಾಯಿಯ ಸೆರಗು ಎಳೆದಳು.

"ಅಮ್ಮಾ, ಬಾ. ಅಪ್ಪ ಬರೋಷ್ಟರಲ್ಲಿ ಆ ಕಪ್ಪು ಪೆಟ್ಟಿಗೇಲಿ ಒಂದು ಹಳೇ ಹಾಡನ್ನ ಸಖತ್ತಾಗಿ ಮಾಡಿ ಇಟ್ಟಿರ್ತೀನಿ. ಕೇಳಿದ್ರೆ ಅವ್ರೇ ಒಪ್ಕೋತಾರೆ. ನೀನು ಹೆಸರು ಬರ್ಕೊಡು, ಬಾ."

ಹೆಸರು ಬರೆಯುವುದು ಪ್ರೇಮಲೀಲಾಳ ಹಳೆಯ ಕೆಲಸ. ಗಾಯಕ್ಕೆ ಹಚ್ಚುವ ಬಿಳಿ ಪ್ಲಾಸ್ಟರನ್ನು ಮಿಕ್ಸರಿನ ಉದ್ದಕ್ಕೆ ಅಂಟಿಸಿ, ಯಾವ ಫೇಡರ್ ಯಾವುದಕ್ಕೆ ಎಂದು ದುಂಡಗೆ ಬರೆದುಕೊಡುತ್ತಿದ್ದಳು. ಈಗಲೂ ಫೇಡರುಗಳ ಕೆಳಗೆ ಒಂದು ಪಟ್ಟಿ ಅಂಟಿಸಿ ಬರೆದಳು: ಹಾಡು, ಜೊತೆ ಹಾಡು, ಹಾರ್ಮೋನಿಯಂ, ತಬಲ, ಕೊಳಲು, ಪಿಟೀಲು, ಶ್ರುತಿ, ತಾಳ. ಈ ಕ್ರಮ ಎಂದೂ ಬದಲಾಗುತ್ತಿರಲಿಲ್ಲ. "ಮನೆಯವಳಲ್ವಾ, ನಿಂದು ಕೊನೇ ಪಂಕ್ತಿ," ಎಂದು ಅವರು ಮೊದಲ ದಿನವೇ ತಮಾಷೆ ಮಾಡಿದ್ದರು. ಬರೆದು ಮಿಕ್ಕ ಪ್ಲಾಸ್ಟರಿನ ತುಂಡನ್ನು ಅವಳು ಎಂಟನೆಯ ಫೇಡರಿನ ಪಕ್ಕ ಉದ್ದಕ್ಕೆ ಅಂಟಿಸಿದಳು.

ಶಿಲ್ಪಶ್ರೀ 2004ರ ದೀಪಾವಳಿಯ ಹಾಡು ತೆರೆದಳು. ಟಕ್! ಎಂಟೂ ಎದ್ದು ಒಂದೊಂದು ಎತ್ತರಕ್ಕೆ ನಿಂತವು. ಪ್ರೇಮಲೀಲಾ ಮತ್ತೆ ಬೆಚ್ಚಿ, ಮತ್ತೆ ನಕ್ಕಳು. "ಒಳ್ಳೆ ಸ್ಕೂಲ್ ಮಕ್ಕಳು ಮೇಷ್ಟ್ರನ್ನ ಕಂಡಂಗೆ ಎದ್ದು ನಿಂತ್ಕೋತವೆ ಕಣೇ. ಇನ್ನೊಂದು ಸಲ ಮಾಡು."

ತಾಳದ ಫೇಡರ್ ಎಲ್ಲಕ್ಕಿಂತ ಕುಳ್ಳಗಿತ್ತು. ಅವಳು ಕೈಯಲ್ಲಿದ್ದ ಪೆನ್ನಿನಿಂದ, ಅದು ನಿಂತ ಎತ್ತರಕ್ಕೆ ಪಕ್ಕದ ಪ್ಲಾಸ್ಟರಿನ ಮೇಲೊಂದು ಗೆರೆ ಎಳೆದು '04 ಎಂದು ಬರೆದಳು. ಅಡುಗೆಮನೆಯ ಬಾಗಿಲ ಚೌಕಟ್ಟಿಗೆ ಮಗಳನ್ನು ಒರಗಿಸಿ, ತಲೆಯ ಮೇಲೆ ಅಡಿಪಟ್ಟಿ ಇಟ್ಟು ವರ್ಷ ವರ್ಷವೂ ಗೆರೆ ಎಳೆದ ಕೈ ಅದು. ಆ ಗೆರೆಗಳು ಇನ್ನೂ ಅಲ್ಲೇ ಇದ್ದವು.

2005ರ ಹಾಡು ಬಂತು. ಟಕ್. ತಾಳದ ಫೇಡರ್ ಬೆರಳಷ್ಟು ಮೇಲೆ ನಿಂತಿತು. ಅವಳು ಗೆರೆ ಎಳೆದಳು. 2006ರ ಶಿವರಾತ್ರಿಯ ಹಾಡು. ಟಕ್. ಇನ್ನೂ ಮೇಲೆ. ಉಳಿದ ಏಳೂ ಅತ್ತಿತ್ತ ಆಡಿದರೂ ಹೆಚ್ಚುಕಡಿಮೆ ಮೊದಲಿನ ಜಾಗದಲ್ಲೇ ಇದ್ದವು. ಈ ವರ್ಷದ ಯುಗಾದಿಯ ಹಾಡಿಗೆ ಎಂಟನೆಯದು ಓಡಿಹೋಗಿ ತುತ್ತತುದಿಗೆ ಬಡಿದು ನಿಂತಿತು.

ನಾಲ್ಕು ಗೆರೆ. ಪ್ರೇಮಲೀಲಾಳ ಮುಖ ಸಣ್ಣಗೆ ಕೆಂಪಾಯಿತು. "ನೋಡ್ದೇನೇ, ನಿಮ್ಮಪ್ಪ ವರ್ಷ ವರ್ಷಾನೂ ನನ್ನ ಎತ್ತಿ ಮೇಲೆ ಕೂರಿಸ್ಕೊಂಡು ಬಂದವ್ರೆ. ಬಾಯ್ಬಿಟ್ಟು ಒಂದು ದಿನ ಹೇಳಿಲ್ಲ." ಗುರುಸಿದ್ದಯ್ಯನವರು ಹೋದ ಸಲ "ಈ ಸಿಡೀಲಿ ಹಾಡು ನಂದೋ ನಿಮ್ದೋ ಅಮ್ಮಾವ್ರೇ?" ಎಂದು ನಕ್ಕಿದ್ದು ನೆನಪಾಯಿತು. ಅವಳು ಅದನ್ನು ಹೊಗಳಿಕೆ ಎಂದುಕೊಂಡಿದ್ದಳು.

ಶಿಲ್ಪಶ್ರೀ ನಗಲಿಲ್ಲ. ಹಾಡನ್ನು ಶುರು ಮಾಡಿದಳು. ಮೊದಲ ಆವರ್ತಕ್ಕೇ ತಾಳ ಸೂಜಿಯಂತೆ ಕಿವಿಗೆ ಚುಚ್ಚಿತು. ಅವಳು ಮುಖ ಕಿವಿಚಿ ಥಟ್ಟನೆ ನಿಲ್ಲಿಸಿದಳು.

"ಅಮ್ಮಾ, ಅಪ್ಪ ಇದನ್ನ ಹಿಂಗೇ ಕಳಿಸಿದ್ರಾ?"

"ಹೂಂ. ಯಾಕೆ?"

"ನೀನು ಬಾರ್ಸಿರೋದನ್ನ ನೋಡು." ಪರದೆಯ ಮೇಲೆ ತಾಳದ ಅಲೆಗಳನ್ನು ಒಂದರ ಕೆಳಗೊಂದು ಜೋಡಿಸಿದಳು. ನಾಲ್ಕು ವರ್ಷದವೂ ಒಂದೇ ಅಚ್ಚಿನಲ್ಲಿ ಒತ್ತಿದಂತಿದ್ದವು. "ನಿನ್ನ ಕೈ ಹಂಗೇ ಇದೆ. ನೀನು ಜೋರೂ ಆಗಿಲ್ಲ, ಮೆಲ್ಲಗೂ ಆಗಿಲ್ಲ." ಆಮೇಲೆ, "ಏರು ಶ್ರುತಿಯ ಸಣ್ಣ ಸದ್ದು, ಅಂದ್ರೆ ತಾಳ, ಗೆಜ್ಜೆ, ಹಕ್ಕಿ ಕೂಗಿನಂಥದ್ದು, ಅದು ಮೊದ್ಲು ಹೋಗುತ್ತೆ ಅಂತ ನಮ್ಗೆ ಕಾಲೇಜಲ್ಲಿ ಹೇಳಿದ್ರು," ಎಂದಳು.

"ಎಲ್ಲಿಗೆ ಹೋಗುತ್ತೆ?"

ಮಗಳು ತನ್ನ ಕಿವಿಯನ್ನು ಒಮ್ಮೆ ಮುಟ್ಟಿಕೊಂಡಳು.

ಪ್ರೇಮಲೀಲಾ ಆ ನಾಲ್ಕು ಗೆರೆಗಳನ್ನೇ ನೋಡಿದಳು. ಆಮೇಲೆ ತನಗೇ ಕೇಳದಷ್ಟು ಮೆಲ್ಲಗೆ, "ಕಾರ್ತಿಕದ್ದು ತೆಗಿ," ಎಂದಳು. "ಗುರುಸಿದ್ದಯ್ಯನವರದ್ದು. ಮೂರನೇ ಹಾಡು."

ಹಾಡು ಶುರುವಾಯಿತು. ತಾಳದ ಅಬ್ಬರದಲ್ಲಿ ಏನೂ ಗೊತ್ತಾಗಲಿಲ್ಲ. ಶಿಲ್ಪಶ್ರೀ ಎಂಟನೆಯ ಫೇಡರನ್ನು ಬೆರಳಲ್ಲಿ ಹಿಡಿದು ಕೆಳಗಿನ ತನಕ ಎಳೆದಳು. ಗುರುಸಿದ್ದಯ್ಯನವರ ತುಂಬು ಕಂಠ ಒಂದು ಸ್ವರದ ಮೇಲೆ ಉದ್ದಕ್ಕೆ ನಿಂತಿತ್ತು. ಅದರ ಹಿಂದಿನಿಂದ, ದೂರದಿಂದ, ಸ್ಪಷ್ಟವಾಗಿ ಕುಕ್ಕರ್ ಕೂಗಿತು. ಒಂದು. ಸ್ವಲ್ಪ ಹೊತ್ತು ಬಿಟ್ಟು ಎರಡು. ಮತ್ತೆ ಮೂರು.

ಶಿಲ್ಪಶ್ರೀಗೆ ಮೊದಲು ಫಕ್ಕನೆ ನಗು ಬಂತು. "ಅಮ್ಮಾ! ಸಿಡೀಲಿ ಕುಕ್ಕರು!" ತಿರುಗಿ ನೋಡಿದಾಗ ಅಮ್ಮ ನೆಲದ ಮೇಲೆ ಕುಳಿತುಬಿಟ್ಟಿದ್ದಳು.

"ನಾನು ಅವ್ರು ಬದಲಾದ್ರು ಅಂದ್ಕೊಂಡೆ ಕಣೇ," ಎಂದಳು ಪ್ರೇಮಲೀಲಾ. "ಸಿಟ್ಟು ಬಿಟ್ರು ಅಂದ್ಕೊಂಡೆ."

*

ಸಂಜೆ ಅವರು ಬರುವುದರೊಳಗೆ ಪ್ಲಾಸ್ಟರ್ ಕಿತ್ತುಹಾಕಬೇಕು ಎಂದು ಅವಳು ಅಂದುಕೊಂಡಿದ್ದಳು. ಮೊದಲು ಕಾಫಿ ಕೊಡಬೇಕು, ಆಮೇಲೆ ಮೆಲ್ಲಗೆ ಮಾತು ತೆಗೆಯಬೇಕು. ಮಗಳಿಗೂ, "ನೀನು ಬಾಯಿ ಬಿಡ್ಬೇಡ, ನಾನು ಹೇಳ್ತೀನಿ," ಎಂದು ಕಟ್ಟಪ್ಪಣೆ ಮಾಡಿದ್ದಳು. ಆದರೆ ಹಾಲು ಉಕ್ಕುವ ಹೊತ್ತಿಗೆ ಸರಿಯಾಗಿ ಗೇಟಿನ ಸದ್ದಾಯಿತು. ಅವಳು ಒಲೆ ಆರಿಸಿ ಬರುವಷ್ಟರಲ್ಲಿ ವೃಷಭೇಂದ್ರಪ್ಪನವರು ಚಪ್ಪಲಿ ಬಿಟ್ಟವರೇ ನೇರ ಸ್ಟುಡಿಯೊಗೆ ಹೋಗಿದ್ದರು. ಬೇಡ ಎಂದರೂ ಬೆರಳು ಬಿಡಬೇಕಲ್ಲ.

ಅವಳು ಬಾಗಿಲಿಗೆ ಬಂದಾಗ ಅವರು ಕಪ್ಪು ಪೆಟ್ಟಿಗೆಯ ಮೇಲೆ ಬಗ್ಗಿ ನಿಂತಿದ್ದರು. ಯುಗಾದಿಯ ಹಾಡು ಮತ್ತೆ ತೆರೆದೇ ಇತ್ತು. ಎಂಟನೆಯ ಫೇಡರ್ ತುದಿಯಲ್ಲಿತ್ತು. ಪಕ್ಕದಲ್ಲಿ ಅವಳ ದುಂಡನೆಯ ಅಂಕಿಗಳು.

"ನೀನು ನೋಡ್ಬುಟ್ಟೆ ಹಂಗಾದ್ರೆ," ಎಂದರು ಅವರು ತಿರುಗದೆ.

"ಹೂಂ ರೀ."

ಅವರು ಕುರ್ಚಿಯ ಮೇಲೆ ಕುಳಿತರು. ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಕೈ ಕೈ ಹಿಸುಕಿಕೊಂಡರು. "ಬೇಜಾರ್ ಮಾಡ್ಕೋಬೇಡ ಪ್ರೇಮಾ. ನಿಂಗೆ ಗೊತ್ತಾಗದೆ ಇರ್ಲಿ ಅಂತಾನೇ ಈ ಪೆಟ್ಟಿಗೆ ಬೇಡ ಅಂದಿದ್ದು."

"ಏನು ಗೊತ್ತಾಗದೆ ಇರ್ಲಿ ಅಂತ?"

"ನಿನ್ನ ಕೈ ಸೋತಿರೋದು." ಅವರ ದನಿ ಬಹಳ ಮೃದುವಾಗಿತ್ತು. "ಚಿಕೂನ್‌ಗುನ್ಯ ಬಂದ್ಮೇಲೆ ನೀನು ಮಣಿಕಟ್ಟು ನೋವು ಅಂತಿದ್ಯಲ್ಲ. ಬಾರ್ಸಿದ್ದು ಕೇಳ್ತಾನೇ ಇರ್ಲಿಲ್ಲ ಕಣೇ. ಹೇಳಿದ್ರೆ ನೀನು ತಾಳ ಇಟ್ಬುಡ್ತೀಯ ಅನ್ನಿಸ್ತು. ಇಪ್ಪತ್ತೈದು ವರ್ಷದಿಂದ ಬಾರ್ಸ್ತಾ ಬಂದವಳಿಗೆ ಎಂಗೆ ಹೇಳ್ಲಿ? ಅದಕ್ಕೇ ನಾನೇ ಅಷ್ಟಷ್ಟು ಎತ್ತಿ ಎತ್ತಿ ಸರಿ ಮಾಡ್ತಿದ್ದೆ."

ಪ್ರೇಮಲೀಲಾ ತನ್ನ ಬಲಗೈ ನೋಡಿಕೊಂಡಳು. ಮಧ್ಯಾಹ್ನ ಬಿದ್ದ ಪೆಟ್ಟಿಗಿಂತ ಇದು ದೊಡ್ಡದಾಗಿತ್ತು. ಅವರು ಕಿವಿಯ ವಿಷಯ ಮುಚ್ಚಿಟ್ಟಿರಲಿಲ್ಲ. ಅವರಿಗೆ ಗೊತ್ತೇ ಇರಲಿಲ್ಲ.

ಹೌದು ರೀ, ಕೈ ಸೋತಿದೆ ಎಂದುಬಿಟ್ಟರೆ ಮುಗಿಯಿತು. ಶನಿವಾರ ಕಪ್ಪು ಪೆಟ್ಟಿಗೆ ಹೋಗುತ್ತದೆ. ಬೂದು ಬಣ್ಣದ್ದು ಉಳಿಯುತ್ತದೆ, ಅದಕ್ಕೆ ಏನೂ ನೆನಪಿರುವುದಿಲ್ಲ. ಅವಳು ತಾಳ ಕೆಳಗಿಡುತ್ತಾಳೆ, ಅವರು ನೆಮ್ಮದಿಯಾಗಿರುತ್ತಾರೆ. ಹಾಗೇ ಹೇಳಲು ಬಾಯಿ ತೆರೆದಳು. ಆಗ ಗುರುಸಿದ್ದಯ್ಯನವರ ದನಿಯ ಹಿಂದೆ ಕೂಗಿದ ಕುಕ್ಕರ್ ನೆನಪಾಯಿತು. ಆ ಸಿಡಿಯ ಮೇಲೆ ಅವರ ಹೆಸರಿತ್ತು. ಮುಂದಿನದರ ಮೇಲೂ ಇರುತ್ತದೆ. ಇಂದಲ್ಲ ನಾಳೆ ಯಾರೋ ಒಬ್ಬರು ನಕ್ಕು ಹೇಳುತ್ತಾರೆ.

"ರೀ, ನಂಗೆ ಜ್ವರ ಬಂದಿದ್ದು ಯಾವಾಗ?"

"ಹೋದ ವರ್ಷ. ಆಷಾಢದಲ್ಲಿ."

"ಗೆರೆ ನೋಡಿ."

ಅವರು ಬಗ್ಗಿದರು. ಕನ್ನಡಕ ಏರಿಸಿಕೊಂಡು ಒಂದೊಂದೇ ಅಂಕಿಯ ಮೇಲೆ ಬೆರಳಿಟ್ಟರು. ನಾಲ್ಕು. ಐದು. ಆರನೇ ಇಸವಿಯ ಶಿವರಾತ್ರಿ. ಮೂರನೆಯ ಗೆರೆಯ ಮೇಲೆ ಬೆರಳು ನಿಂತಿತು. ಜ್ವರಕ್ಕಿಂತ ನಾಲ್ಕು ತಿಂಗಳು ಮೊದಲೇ ಅದು ಅಷ್ಟು ಮೇಲೆ ಬಂದಿತ್ತು.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ತಾಳ ತಗೊಂಡು ಬಾ," ಎಂದರು ಅವರು.

ಅವಳು ತಂದಳು. ಕೇಳುವಾಗ ಕಣ್ಣು ಮುಚ್ಚುವುದು ಅವರ ರೂಢಿ. ಕುರ್ಚಿಗೆ ಒರಗಿ, ಎರಡೂ ಕೈ ತೊಡೆಯ ಮೇಲಿಟ್ಟು ಕಣ್ಣು ಮುಚ್ಚಿದರು. ಪ್ರೇಮಲೀಲಾ ಬಾಗಿಲ ಹತ್ತಿರ ನಿಂತು, ಹಾಡಿಗೆ ಹಾಕುವ ಹಾಗೇ, ಅಂಚಿಗೆ ಅಂಚು ತಾಗಿಸಿ ಹಗುರವಾಗಿ ಬಾರಿಸಿದಳು. ಹಿತ್ತಾಳೆಯ ಎಳೆ ಕೋಣೆಯ ತುಂಬ ಹರಡಿ ಮೆಲ್ಲಗೆ ಅಡಗಿತು. ಅವರು ಹಾಗೇ ಕುಳಿತಿದ್ದರು. ಅವಳು ಮತ್ತೊಮ್ಮೆ ಬಾರಿಸಿದಳು. ಮತ್ತೂ ಒಮ್ಮೆ.

"ಬಾರ್ಸು," ಎಂದರು ಅವರು. "ಬಾರ್ಸು ಅಂದ್ನಲ್ಲ ಕಣೇ. ಯಾಕೆ ಸುಮ್ನೆ ನಿಂತಿದ್ಯ?"

ಅವಳ ಹಿಂದೆ ನಿಂತಿದ್ದ ಶಿಲ್ಪಶ್ರೀ ಬಾಯಿಗೆ ದುಪಟ್ಟ ಅಡ್ಡ ಹಿಡಿದಳು.

ಅವರು ಕಣ್ಣು ತೆರೆದರು. ಹೆಂಡತಿಯ ಕೈಯಲ್ಲಿ ತಾಳ ಇನ್ನೂ ಸಣ್ಣಗೆ ನಡುಗುತ್ತಿತ್ತು. ಅದನ್ನು ನೋಡಿದರು, ಮಗಳ ಮುಖ ನೋಡಿದರು. ಮೊದಲು ಏನೂ ಅರ್ಥವಾಗದವರ ಹಾಗೆ ಸ್ವಲ್ಪ ನಕ್ಕರು. ಆ ನಗು ಮುಖದ ಮೇಲೆ ಹಾಗೇ ಉಳಿದು, ನಿಧಾನಕ್ಕೆ ಬೇರೆಯದೇ ಏನೋ ಆಯಿತು.

ಆಮೇಲೆ ಕತ್ತಲಾಗುತ್ತಿದ್ದ ಕಿಟಕಿಯ ಕಡೆ ತಿರುಗಿ ಕೇಳಿದರು. "ನಮ್ಮ ಬೀದೀಲಿ ಜೀರುಂಡೆ ಈಗ್ಲೂ ಕೂಗ್ತವಾ?"

"ಕೂಗ್ತವೆ ಅಪ್ಪ," ಎಂದಳು ಶಿಲ್ಪಶ್ರೀ. "ಈಗ ಕೂಗ್ತಾ ಇವೆ."

"ಮೂಲೆ ಮನೆಯವ್ರು ಹೊಂಗೆ ಮರ ಕಡಿಸಿದ್ರಲ್ಲ. ಅದಕ್ಕೇ ಹೊರಟೋದ್ವು ಅಂದ್ಕೊಂಡಿದ್ದೆ."

*

ಶುಕ್ರವಾರ ಕಿವಿಯ ಡಾಕ್ಟರ ಹತ್ತಿರ ಹೋಗಿಬಂದರು. ಹೋದದ್ದು ಬರುವುದಿಲ್ಲ, ಇರುವುದನ್ನು ಉಳಿಸಿಕೊಳ್ಳಿ ಎಂದು ಡಾಕ್ಟರು ಕಿವಿ ಪರೀಕ್ಷೆಯ ಒಂದು ಚೀಟಿಯ ಮೇಲೆ ಗೆರೆ ತೋರಿಸಿದ್ದರು. ಚೀಟಿಯ ಅರ್ಧದ ತನಕ ನೆಟ್ಟಗೆ ಬಂದ ಗೆರೆ ಆಮೇಲೆ ಒಮ್ಮೆಗೇ ಕೆಳಗಿಳಿದಿತ್ತು. ವೃಷಭೇಂದ್ರಪ್ಪನವರು ಆ ಚೀಟಿಯನ್ನು ಸ್ಟುಡಿಯೊದ ಗೋಣಿ ಬಟ್ಟೆಗೆ ಗುಂಡುಪಿನ್ನಿನಲ್ಲಿ ಚುಚ್ಚಿದರು. ಗುರುವಾರ, ಶುಕ್ರವಾರ ಎರಡೂ ಸಂಜೆ ಅವರು ಗಾಜಿನ ಈಚೆ ಕತ್ತಲಲ್ಲಿ ಕುಳಿತಿರುತ್ತಿದ್ದರು. ಪ್ರೇಮಲೀಲಾ ಹೋಗಿ ದೀಪ ಹಾಕಿ ಬರುತ್ತಿದ್ದಳು.

ಶನಿವಾರ ಪ್ರಿನ್ಸ್ ಬಂದ. ಬಂದವನೇ ಕಪ್ಪು ಪೆಟ್ಟಿಗೆಯ ತಂತಿ ಬಿಚ್ಚಲು ಬಗ್ಗಿದ.

"ಅದಲ್ಲ," ಎಂದರು ವೃಷಭೇಂದ್ರಪ್ಪನವರು. "ಇನ್ನೊಂದು ತಗೊಂಡು ಹೋಗು."

ಪ್ರಿನ್ಸ್ ಬೆರಗಾಗಿ ಶಿಲ್ಪಶ್ರೀಯ ಮುಖ ನೋಡಿದ. "ಏನ್ ಸಾರ್, ಕುಣಿಯೋ ವಸ್ತು ಸರಿಹೋಗಲ್ಲ ಅಂದ್ರಿ?"

"ಅದು ಮರೆಯಲ್ಲ ಅಂದ್ಯಲ್ಲಪ್ಪ. ಇರ್ಲಿ."

"ಈ ಪ್ಲಾಸ್ಟರ್ ಕಿತ್ತಾಕ್ಲಾ ಆಂಟಿ? ಬಿಟ್ರೆ ಗೋಂದು ಕೂತ್ಕೊಳ್ಳುತ್ತೆ."

ಪ್ರೇಮಲೀಲಾ ಮಾತಾಡುವ ಮೊದಲೇ ಅವರು, "ಇರ್ಲಿ ಬುಡು," ಎಂದರು.

ಪ್ರಿನ್ಸ್ ಹೋದ ಮೇಲೆ ಅವಳು ಅಡುಗೆಮನೆಯಲ್ಲಿ ಅಕ್ಕಿರೊಟ್ಟಿ ತಟ್ಟುತ್ತಿದ್ದಳು. ಕೆಂಪು ಬಲ್ಬ್ ಹೊತ್ತಿರಲಿಲ್ಲ. ಒಳಗಿನಿಂದ ಗುರುಸಿದ್ದಯ್ಯನವರ ಹಾಡು ಶುರುವಾಗುವುದು, ನಿ‍ಲ್ಲುವುದು, ಮತ್ತೆ ಶುರುವಾಗುವುದು ಕೇಳುತ್ತಿತ್ತು. ಕಾರ್ತಿಕದ್ದನ್ನು ಹೊಸದಾಗಿ ಮಿಕ್ಸ್ ಮಾಡುತ್ತಿದ್ದರು. ಗುರುಸಿದ್ದಯ್ಯನವರಿಗೆ ಫೋನ್ ಮಾಡಿ, ಮೂರನೇ ಹಾಡಿಗೆ ಇನ್ನೊಮ್ಮೆ ಬಂದು ದನಿ ಕೊಡಬೇಕು, ತಪ್ಪು ನನ್ನದು ಎಂದು ವೃಷಭೇಂದ್ರಪ್ಪನವರೇ ಹೇಳಿದ್ದನ್ನು ಅವಳು ಬೆಳಗ್ಗೆ ಕೇಳಿಸಿಕೊಂಡಿದ್ದಳು.

"ಪ್ರೇಮಾ!" ಒಳಗಿನಿಂದ ಕೂಗು ಬಂತು. "ಬಾ ಇಲ್ಲಿ!"

ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಓಡಿದಳು. ಮೇಜಿನ ಮುಂದೆ ಎರಡು ಕುರ್ಚಿ ಇದ್ದವು. ಶಿಲ್ಪಶ್ರೀ ಕೀಬೋರ್ಡಿನ ಪಕ್ಕ ನಿಂತಿದ್ದಳು. ಅವರು ಖಾಲಿ ಕುರ್ಚಿಯನ್ನು ಕಾಲಲ್ಲಿ ಈ ಕಡೆಗೆ ನೂಕಿದರು.

"ಕೂತ್ಕೋ. ತಾಳ ಎಷ್ಟಿರ್ಬೇಕು ಅಂತ ನೀನು ನೋಡು."

"ನಾನಾ? ನಂಗೇನ್ರೀ ಗೊತ್ತಾಗುತ್ತೆ? ಶಿಲ್ಪ ಮಾಡ್ತಾಳಲ್ಲ."

"ತಾಳ ಯಾರದ್ದು? ಶಿಲ್ಪಂದಾ?"

"ನಾನು ಬರೀ ಬಾರ್ಸೋಳು."

"ನಾನು ನಿನ್ನ ಬೆರಳು ನೋಡ್ಕೊಂಡಿರ್ತೀನಿ," ಎಂದರು ಅವರು.

ಅವಳು ಕುಳಿತಳು. ಹಾಡು ಶುರುವಾಯಿತು. ಅವರ ಎರಡೂ ಕೈ ಮೊದಲ ಏಳು ಫೇಡರುಗಳ ಮೇಲೆ ಹರಿದಾಡತೊಡಗಿದವು. ಕಂಠ ಮುಂದೆ ಬಂತು, ತಬಲ ತನ್ನ ಜಾಗದಲ್ಲಿ ಕುಳಿತಿತು. ಪ್ರೇಮಲೀಲಾ ಎಂಟನೆಯದರ ಮೇಲೆ ತೋರುಬೆರಳು ಇಟ್ಟಳು.

"ಅಮ್ಮಾ, ಹಿಟ್ಟು ಕೈ!" ಎಂದು ಶಿಲ್ಪಶ್ರೀ ಚೀರಿದಳು. "ಮೋಟಾರ್!"

ಪ್ರೇಮಲೀಲಾಳಿಗೆ ಅದು ಕೇಳಿಸಲಿಲ್ಲ. ಅವಳು ಫೇಡರನ್ನು ಇಳಿಸುತ್ತಿದ್ದಳು. ಚುಚ್ಚುವುದು ನಿಂತಿತು, ಇನ್ನಷ್ಟು ಇಳಿಸಿದಳು. ತಾಳ ಹಾಡಿನ ಹಿಂದೆ ಹೋಗಿ, ಕಾಣದ ಹಾಗೆ ನಿಂತು, ಪುಟ್ಟ ಪುಟ್ಟ ಹೆಜ್ಜೆ ಇಡುತ್ತ ಬಂತು. ಅಲ್ಲಿಗೆ ಬಿಟ್ಟಳು.

ವೃಷಭೇಂದ್ರಪ್ಪನವರು ಹಾಡನ್ನು ಮತ್ತೆ ಮೊದಲಿಗೆ ತಂದು, ಎರಡೂ ಕೈ ಮೇಜಿನಿಂದ ತೆಗೆದು ತೊಡೆಯ ಮೇಲಿಟ್ಟರು. ಈ ಸಲ ಕಣ್ಣು ಮುಚ್ಚಲಿಲ್ಲ. ಹಾಡು ಶುರುವಾಯಿತು. ಮತ್ತೆ ತುದಿಯ ಹತ್ತಿರಕ್ಕೆ ಏರಿ ನಿಂತಿದ್ದ ಎಂಟನೆಯ ಫೇಡರ್, ತಲೆಯ ಮೇಲೆ ಅಕ್ಕಿಹಿಟ್ಟಿನ ಬೆರಳಗುರುತು ಹೊತ್ತುಕೊಂಡು, ಯಾರೂ ಮುಟ್ಟದೆ ನಿಧಾನವಾಗಿ ಇಳಿಯತೊಡಗಿತು. ಒಂದೊಂದೇ ಗೆರೆ ದಾಟಿ ಕೆಳಗೆ ಬಂದು, '04ರ ಪಕ್ಕ ನಿಂತಿತು.